ಬಸಿಗಾಲುವೆಯ ಕೊರಮೀನು: ಗಂಗಾವತಿ ಕಡೆಯ ಒಂದು ಪ್ರಕರಣ

2022ರ ಅಕ್ಟೋಬರ್. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಸರ್ರ, ಮೀನೆಲ್ಲಾ ಸತ್ತು ಬಿದ್ದಾವ್ರಿ. ಯಾರೋ ಎಣ್ಣೆ ಹಾಕ್ಯಾರ. ಲಗೂನ ಬರ್ರಿ."

ಎಣ್ಣೆ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಕ್ರಿಮಿನಾಶಕ. ನಾನು ಹೋಗುವಷ್ಟರಲ್ಲಿ ಗುಂಡಿಯ ದಂಡೆ ಮೇಲೆ ಎಂಟು ಹತ್ತು ಜನ ಸೇರಿದ್ದರು. ಪಕ್ಕದ ಹೊಲದವರ ಹೆಸರು ಆಗಲೇ ಎಲ್ಲರ ಬಾಯಲ್ಲೂ ಇತ್ತು. ಹಿಂದಿನ ಸಂಜೆ ಅವರು ನೆಲ್ಲಿಗೆ ಎಣ್ಣೆ ಹೊಡೆದದ್ದು ನಿಜ. ಅವರೂ ಅಲ್ಲೇ ನಿಂತಿದ್ದರು, ಸಿಟ್ಟಿನಿಂದ ಮಾತೇ ಹೊರಡುತ್ತಿರಲಿಲ್ಲ.

ಆ ಬೆಳಿಗ್ಗೆ ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದಿತ್ತು. ಹೋಗಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೀನು ಸಾಕುವ ರೈತರ ಜೊತೆ ಈ ಭಾಗದಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ಒಂದು ಮೀನಿನ ಬದುಕನ್ನು ಇಷ್ಟು ಹತ್ತಿರದಿಂದ ಕಲಿಸಿದ ಪ್ರಕರಣ ಇನ್ನೊಂದಿಲ್ಲ. ಊರಿನ ಹೆಸರು, ಮನೆತನದ ಹೆಸರು ಬರೆಯುತ್ತಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೀನಿನ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಇಬ್ಬರು ಅಣ್ಣತಮ್ಮಂದಿರು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ನೆಲ್ಲಿನ ಗದ್ದೆ. ಅಣ್ಣ ಹೊಲ ನೋಡಿಕೊಳ್ಳುತ್ತಾರೆ. ತಮ್ಮ ಗೂಡ್ಸ್ ಆಟೋ ಓಡಿಸುತ್ತಾನೆ, ಬಿಡುವಿದ್ದಾಗ ಗಾಳ ಹಾಕುತ್ತಾನೆ. ಗದ್ದೆಯ ಹಿಂದೆ ಒಂದು ಬಸಿಗಾಲುವೆ. ಮೇಲಿನ ಗದ್ದೆಗಳಲ್ಲಿ ಹೆಚ್ಚಾದ ನೀರು ಅದರಲ್ಲಿ ಬಸಿದು ಹಳ್ಳಕ್ಕೆ ಸೇರುತ್ತದೆ, ಹಳ್ಳ ಹೊಳೆಗೆ ಸೇರುತ್ತದೆ. ಹೊಳೆ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಹೊಲದ ಮೂಲೆಯಲ್ಲಿ ಇಟ್ಟಿಗೆ ಭಟ್ಟಿಗೆ ಮಣ್ಣು ತೆಗೆದ ಗುಂಡಿ, ಸುಮಾರು ಮೂರು ಗುಂಟೆ. ವರ್ಷದ ಎಂಟು ತಿಂಗಳು ಅದರಲ್ಲಿ ನೀರು.

ಈ ಬಸಿಗಾಲುವೆಯನ್ನು ಹೊಳೆಯ ಬೆರಳು ಅಂತಲೇ ನೋಡಬೇಕು. ಮುಂಗಾರಿನಲ್ಲಿ ಹೊಳೆ, ಹಳ್ಳ, ಬಸಿಗಾಲುವೆ, ಗದ್ದೆ ಎಲ್ಲಾ ಒಂದೇ ನೀರು. ಆಗ ಹೊಳೆಯ ಮೀನು ಮೇಲೆ ಹತ್ತಿ ಬರುತ್ತದೆ. ಅದರಲ್ಲಿ ಮುಖ್ಯವಾದದ್ದು ಕೊರಮೀನು. ಆಂಧ್ರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕ್ಯಾಂಪಿನ ತೆಲುಗರು ಕೊರ್ರಮೀನು ಎನ್ನುತ್ತಾರೆ. ದಕ್ಷಿಣದ ಜಿಲ್ಲೆಗಳಲ್ಲಿ ಕುಚ್ಚು ಮೀನು ಎನ್ನುವವರಿದ್ದಾರೆ. ಇಲಾಖೆಯವರ ಬಾಯಲ್ಲಿ ಮುರೆಲ್. ವಿಜ್ಞಾನದ ಹೆಸರು ಚನ್ನಾ ಸ್ಟ್ರಿಯಾಟಾ. 1793ರಲ್ಲೇ ಬ್ಲಾಕ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ದಾಖಲಿಸಿದ, ಆಗ ಅವನು ಕೊಟ್ಟ ಕುಲದ ಹೆಸರು ಒಫಿಸೆಫಾಲಸ್, ಅಂದರೆ 'ಹಾವುತಲೆ'. ನೋಡಿದರೆ ಹಾಗೇ ಇದೆ. ಉರುಟು ಮೈ, ಚಪ್ಪಟೆ ತಲೆ, ತಲೆ ಮೇಲೆ ದೊಡ್ಡ ದೊಡ್ಡ ಹುರುಪೆ, ಬೆನ್ನುದ್ದಕ್ಕೂ ಒಂದೇ ರೆಕ್ಕೆ. ಪಕ್ಕದ ತೆಲಂಗಾಣ ಇದನ್ನು ತನ್ನ ರಾಜ್ಯದ ಮೀನು ಅಂತ ಆರಿಸಿಕೊಂಡಿದೆ.

ಸಂತೆಯಲ್ಲಿ ಇದಕ್ಕೆ ಬೆಲೆ ಜಾಸ್ತಿ. ಮುಳ್ಳು ಕಡಿಮೆ, ರುಚಿ ಚೆನ್ನ, ಅದಕ್ಕಿಂತ ಮುಖ್ಯವಾಗಿ ಜೀವಂತ ಸಿಗುತ್ತದೆ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಿದ್ದರೆ ಸಾಕು, ಬೆಳಿಗ್ಗೆ ತಂದ ಮೀನು ಸಂಜೆವರೆಗೂ ಬಾಲ ಬಡಿಯುತ್ತಿರುತ್ತದೆ. ಈ ಮಾತು ನೆನಪಿರಲಿ, ಅಕ್ಟೋಬರ್‌ನ ಆ ಬೆಳಿಗ್ಗೆಗೆ ಇದೇ ಉತ್ತರ.

ಕಪ್ಪೆ ಗಾಳ

2022ರ ಜುಲೈ. ಅಣ್ಣ ಸಲಿಕೆ ಹಿಡಿದು ನೀರು ತಿರುಗಿಸಲು ಹೋದಾಗ ಬಸಿಗಾಲುವೆಯ ಜೊಂಡಿನ ಸಂದಿಯಲ್ಲಿ ನೀರು ಕೆಂಪಗೆ ಕಂಡಿತು. ಬಗ್ಗಿ ನೋಡಿದರೆ ಮರಿಗಳು. ಇಟ್ಟಿಗೆ ಕೆಂಪಿನ ಬಣ್ಣ, ಒಂದಂಗುಲಕ್ಕಿಂತ ಚಿಕ್ಕವು, ಸಾವಿರಗಟ್ಟಲೆ. ಒಟ್ಟಿಗೆ ಮೇಲೆ ಬಂದು ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಮೇಲೆ ಬಂದಾಗ ನೀರಿನ ಮೇಲೆ ಸಣ್ಣ ಮಳೆ ಹನಿ ಬಿದ್ದ ಹಾಗೆ ಕಾಣುತ್ತಿತ್ತು.

ಸಂಜೆ ತಮ್ಮನಿಗೆ ಹೇಳಿದರು. ತಮ್ಮನಿಗೆ ಮರಿಗಿಂತ ಮರಿಯ ಕೆಳಗಿರುವ ಮೀನಿನ ಮೇಲೆ ಕಣ್ಣು. ಕೊರಮೀನು ಹಿಡಿಯುವವರಿಗೆ ಎಲ್ಲರಿಗೂ ಇದು ಗೊತ್ತು: ಕೆಂಪು ಮರಿಯ ಹಿಂಡು ಇದ್ದಲ್ಲಿ ಕೆಳಗೆ ತಂದೆ ತಾಯಿ ಇರುತ್ತವೆ. ಜೀವಂತ ಕಪ್ಪೆಯನ್ನು ಗಾಳಕ್ಕೆ ಕಟ್ಟಿ ಹಿಂಡಿನ ಮೇಲೆ ಕುಣಿಸಿದರೆ ಸಾಕು. ಹಸಿವಾಗಿ ಅಲ್ಲ, ಸಿಟ್ಟಿನಿಂದ ಹಾರಿ ಕಚ್ಚುತ್ತದೆ. ಮರಿ ತಿನ್ನಲು ಬಂದ ಕಪ್ಪೆ ಅಂತಲೇ ಅದರ ಲೆಕ್ಕ. ಅರ್ಧ ಗಂಟೆಯಲ್ಲಿ ಒಂದು ಸಿಕ್ಕಿತು. ಮರುದಿನ ಬೆಳಿಗ್ಗೆ ಇನ್ನೊಂದು. ಎರಡೂ ಸೇರಿ ಎರಡೂವರೆ ಕಿಲೋ. ದುಡ್ಡು ಅವತ್ತೇ ಕೈಗೆ ಬಂತು.

ಇದು ಈ ಪ್ರಕರಣದ ಮೊದಲ ತಪ್ಪು. ಆದರೆ ಆಗ ಯಾರಿಗೂ ತಪ್ಪು ಅನ್ನಿಸಲಿಲ್ಲ. "ಮರಿ ಹೆಂಗೂ ಅದಾವಲ್ಲ, ಅವನ್ನ ನಾವ ಸಾಕೋಣ" ಅಂತ ಅಣ್ಣನ ಲೆಕ್ಕ. ಆ ದಿನ ಗದ್ದೆ ಕೆಲಸ ಮುಗಿಯಲಿಲ್ಲ, ಮರಿ ಹಿಡಿಯುವುದು ಮೂರನೇ ದಿನಕ್ಕೆ ಹೋಯಿತು. ಅಷ್ಟರಲ್ಲಿ ಹಿಂಡು ಕರಗಿ ಹೋಗಿತ್ತು. ಜೊಂಡಿನ ಮೇಲೆ ಮಿಂಚುಳ್ಳಿ ಕೂತಿತ್ತು, ದಂಡೆಯಲ್ಲಿ ಬೆಳ್ಳಕ್ಕಿ, ನೀರಲ್ಲಿ ಒಳ್ಳೆ ಹಾವು. ಹಳೇ ಸೀರೆ ಹಿಡಿದು ಅಣ್ಣ, ಅವರ ಹೆಂಡತಿ, ಇಬ್ಬರು ಮಕ್ಕಳು ಸೇರಿ ಬಳಿದದ್ದು ಸುಮಾರು 600 ಮರಿ.

ಆ ಮರಿಗಳನ್ನು ದನದ ನೀರಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟು ಅಕ್ಕಿ ತೌಡು, ಶೇಂಗಾ ಹಿಂಡಿ ಹಾಕಿದರು. ಕಾಟ್ಲಾ, ರೋಹು ಸಾಕುವವರು ಹಾಕುವುದು ಅದೇ ಅಲ್ವಾ? ಕೊರಮೀನಿನ ಮರಿ ಅದನ್ನು ಮೂಸಲಿಲ್ಲ. ಇದು ಹುಟ್ಟಿನಿಂದಲೇ ಬೇಟೆಯ ಮೀನು. ಹೊಟ್ಟೆಯಲ್ಲಿನ ಹಳದಿ ಚೀಲ ಕರಗಿದ ಮೇಲೆ ನೀರಿನಲ್ಲಿ ಕುಣಿಯುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ತಿನ್ನುತ್ತದೆ, ಆಮೇಲೆ ಸೊಳ್ಳೆ ಮರಿ, ನೀರಹುಳ, ಆಮೇಲೆ ಸಣ್ಣ ಮೀನು, ಸೀಗಡಿ, ಕಪ್ಪೆ. ತೌಡು ತಳದಲ್ಲಿ ಕೊಳೆಯಿತು, ನೀರು ನಾರಿತು.

ನನಗೆ ಮೊದಲ ಸಲ ಕರೆ ಬಂದದ್ದು ಆಗ. ತೊಟ್ಟಿಯಲ್ಲಿ ಕೈ ಹಾಕಿ ಎರಡು ಸತ್ತ ಮರಿ ಎತ್ತಿದೆ. ಎರಡಲ್ಲ, ಒಂದರೊಳಗೆ ಒಂದು. ದೊಡ್ಡದರ ಬಾಯಿಂದ ಚಿಕ್ಕದರ ಬಾಲ ಹೊರಗಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಎರಡೂ ಸತ್ತಿದ್ದವು. ಅಣ್ಣನ ಅಂಗೈ ಮೇಲೆ ಇಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಹಸಿವು ಸರ್ರ ಇದು" ಅಂದರು.

ಹಸಿವು ಅರ್ಧ ಕಾರಣ. ಇನ್ನರ್ಧ ಗಾತ್ರ. ಒಂದೇ ದಿನ ಹುಟ್ಟಿದ ಮರಿಗಳಲ್ಲೂ ಕೆಲವು ಮುಂದೆ ಓಡುತ್ತವೆ, ಕೆಲವು ಹಿಂದೆ ಬೀಳುತ್ತವೆ. ಕಾಲುವೆಯಲ್ಲಿದ್ದರೆ ಹಿಂದೆ ಬಿದ್ದದ್ದಕ್ಕೆ ಅಡಗಲು ಜಾಗ ಇರುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಎಲ್ಲಿ ಹೋಗಬೇಕು?

ಅವತ್ತಿನಿಂದ ಮೂರು ಕೆಲಸ ಶುರು ಮಾಡಿದೆವು. ಸಗಣಿ ನೀರಿನ ಸಣ್ಣ ಗುಂಡಿ ಮಾಡಿ ಅದರಲ್ಲಿ ಹುಟ್ಟುವ ನೀರಹುಳವನ್ನು ತೆಳು ಬಟ್ಟೆಯಲ್ಲಿ ಸೋಸಿ ದಿನಕ್ಕೆ ನಾಲ್ಕು ಸಲ ಕೊಡುವುದು. ವಾರಕ್ಕೊಮ್ಮೆ ಜಲ್ಲಡಿಯಲ್ಲಿ ಹಾಕಿ ದೊಡ್ಡದು, ಮಧ್ಯಮ, ಚಿಕ್ಕದು ಬೇರೆ ಮಾಡುವುದು. ತೊಟ್ಟಿಯ ಅರ್ಧ ಭಾಗಕ್ಕೆ ಅಂತರಗಂಗೆ ಬಿಟ್ಟು ನೆರಳು, ಮರೆ ಕೊಡುವುದು. ಬೆರಳುದ್ದ ಆಗುವ ಹೊತ್ತಿಗೆ ಉಳಿದದ್ದು 140. ಕಡಿಮೆ ಅನ್ನಿಸಬಹುದು. ಆದರೆ ಸಾಯುವುದು ನಿಂತಿತ್ತು. ಸಂತೆಯಲ್ಲಿ ಮಾರಾಟವಾಗದೆ ಉಳಿದ ಸಣ್ಣ ಮೀನನ್ನು ಅರೆದು ಉಂಡೆ ಮಾಡಿ ಕೊಟ್ಟರೆ ಓಡಿ ಬರುತ್ತಿದ್ದವು. ಅಣ್ಣನ ಸಣ್ಣ ಮಗಳು ತೊಟ್ಟಿಯ ಅಂಚು ತಟ್ಟಿದರೆ ಸಾಕು, ಅಷ್ಟೂ ತಲೆ ಆ ಕಡೆ ತಿರುಗುತ್ತಿದ್ದವು.

ನೀರಿನಲ್ಲಿ ಮುಳುಗಿ ಸತ್ತ ಮೀನು

ಅಕ್ಟೋಬರ್ ಮೊದಲ ವಾರ ಅವನ್ನು ಗುಂಡಿಗೆ ಸಾಗಿಸಿದರು. ಸುಮ್ನೆ ಬಿಟ್ಟರೆ ಹಕ್ಕಿ ತಿನ್ನುತ್ತವೆ, ಹಾರಿ ಹೋಗುತ್ತವೆ ಅಂತ ಹಾಪಾ ಕಟ್ಟಿದರು. ಹಾಪಾ ಅಂದರೆ ಸೊಳ್ಳೆ ಪರದೆಯನ್ನು ತಲೆಕೆಳಗು ಮಾಡಿ ನೀರಲ್ಲಿ ಇಳಿಬಿಟ್ಟಂಥ ಬಲೆಯ ತೊಟ್ಟಿ. ನಾಲ್ಕು ಮೂಲೆಗೆ ನಾಲ್ಕು ಗೂಟ, ಗೂಟಕ್ಕೆ ಬಿಗಿಯಾಗಿ ಹಗ್ಗ. ಮೇಲೂ ಬಲೆ ಹೊಲಿದು ಮುಚ್ಚಿದರು. ನಾನೇ ನೋಡಿ ಚೆನ್ನಾಗಿದೆ ಅಂದಿದ್ದೆ. ಆ ಮಾತಿಗೆ ನನಗೆ ಇವತ್ತಿಗೂ ನೋವಿದೆ.

ಆ ರಾತ್ರಿ ಜೋರು ಮಳೆ. ಬಸಿಗಾಲುವೆ ತುಂಬಿ ಗುಂಡಿಗೆ ನುಗ್ಗಿತು. ಬೆಳಿಗ್ಗೆ ಹೊತ್ತಿಗೆ ನೀರು ಒಂದು ಮೊಳ ಏರಿತ್ತು. ಮೀನೆಲ್ಲ ಸತ್ತಿದ್ದವು.

ಎಣ್ಣೆ ಅಂತ ಎಲ್ಲರೂ ಹೇಳುತ್ತಿದ್ದಾಗ ಮಾತು ತಿರುಗಿಸಿದವರು ಆರೋಪ ಹೊತ್ತ ಪಕ್ಕದ ಹೊಲದವರೇ. "ಎಣ್ಣೆ ಆಗಿದ್ರ ಜಿಲೇಬಿ ಯಾಕ ಬದುಕ್ಯಾವು?" ಅಂತ ಗುಂಡಿಯ ಕಡೆ ಕೈ ಮಾಡಿದರು. ಹೌದು. ಹಾಪಾದ ಹೊರಗೆ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಓಡಾಡುತ್ತಿದ್ದವು. ಸಣ್ಣ ಪಕ್ಕೆ ಮೀನುಗಳೂ ಇದ್ದವು. ಕಪ್ಪೆ ಕೂಗುತ್ತಿತ್ತು. ಒಂದೇ ನೀರು, ಬಲೆಯ ಒಳಗೆ ಸಾವು, ಹೊರಗೆ ಜೀವ.

ಎಲ್ಲರೂ ಸುಮ್ಮನಾದರು. ನಾನು ನೀರಿಗಿಳಿದೆ. ಹಾಪಾದ ಮೇಲ್ಮುಚ್ಚಳ ನೀರಿನ ಮೇಲ್ಮೈಗಿಂತ ಒಂದು ಗೇಣು ಕೆಳಗಿತ್ತು. ಗೂಟ ಅಲುಗಿರಲಿಲ್ಲ, ಹಗ್ಗ ಸಡಿಲವಾಗಿರಲಿಲ್ಲ, ನೀರು ಮಾತ್ರ ಏರಿತ್ತು. ಸತ್ತ ಮೀನುಗಳೆಲ್ಲ ತಳದಲ್ಲಿರಲಿಲ್ಲ. ಮುಚ್ಚಳಕ್ಕೆ ಒತ್ತಿಕೊಂಡಿದ್ದವು. ಕೆಲವುದರ ಮೂತಿ ಬಲೆಯ ಕಣ್ಣಿನಲ್ಲಿ ಸಿಕ್ಕಿ ಗೀರಿ ಬಿಳಿಚಿತ್ತು. ಅಷ್ಟು ತಿವಿದಿದ್ದವು.

ಮೂಡಣ ಮೂಲೆಯಲ್ಲಿ ಗೂಟ ಸ್ವಲ್ಪ ಎತ್ತರ ಇತ್ತು. ಅಲ್ಲಿ ಮುಚ್ಚಳದ ಅಂಗೈಯಗಲ ಭಾಗ ನೀರಿನಿಂದ ಮೇಲಿತ್ತು. ಆ ಅಂಗೈಯಗಲದ ಕೆಳಗೆ ಹನ್ನೊಂದು ಮೀನು ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು. ಜೀವಂತ.

ಅಣ್ಣನನ್ನು ನೀರಿಗೆ ಕರೆದು ಆ ಮೂಲೆ ತೋರಿಸಿದೆ. ಅವರಿಗೆ ಬೇರೆ ಏನೂ ಹೇಳಬೇಕಾಗಲಿಲ್ಲ. ದಂಡೆಗೆ ಹತ್ತಿ ಮೊದಲು ಹೋಗಿ ಪಕ್ಕದ ಹೊಲದವರ ಕೈ ಹಿಡಿದರು.

ಕೊರಮೀನಿಗೆ ಕಿವಿರು ಇದೆ. ಆದರೆ ಬೆಳೆದ ಮೀನಿಗೆ ಕಿವಿರಿನ ಉಸಿರು ಸಾಲುವುದಿಲ್ಲ. ಕಿವಿರಿನ ಮೇಲ್ಗಡೆ, ತಲೆಯ ಎರಡೂ ಪಕ್ಕದಲ್ಲಿ ಒಂದೊಂದು ಗಾಳಿಯ ಕೋಣೆ ಇದೆ. ಅದರ ಒಳಗೋಡೆಯ ಮಡಿಕೆಗಳಲ್ಲಿ ರಕ್ತನಾಳಗಳು ತುಂಬಿರುತ್ತವೆ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ, ಆ ಕೋಣೆಯಲ್ಲಿ ಗಾಳಿಯಿಂದ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿಗೆ ಇದು ಇರುವುದಿಲ್ಲ, ಚರ್ಮದಿಂದಲೇ ಹೆಚ್ಚು ಉಸಿರಾಡುತ್ತದೆ. ವಾರಗಳು ಕಳೆದಂತೆ ಕೋಣೆ ಬೆಳೆಯುತ್ತದೆ. ಆಮೇಲೆ ಗಾಳಿ ಬೇಕೇ ಬೇಕು. ಮೇಲೆ ಬರಲು ಬಿಡದಿದ್ದರೆ ಎಷ್ಟೇ ಒಳ್ಳೆಯ ನೀರಿನಲ್ಲೂ ಉಸಿರು ಕಟ್ಟಿ ಸಾಯುತ್ತದೆ.

ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಲ್ಲಿ ಬದುಕುವುದೂ ಇದರಿಂದಲೇ. ಮಳೆ ರಾತ್ರಿ ಒಂದು ಗದ್ದೆಯಿಂದ ಬದು ದಾಟಿ ಇನ್ನೊಂದಕ್ಕೆ ತೆವಳುವುದೂ ಇದರಿಂದಲೇ. ಸಂತೆಯಲ್ಲಿ ಬೆಲೆ ತರುವ ಗುಣವೇ ಹಾಪಾದಲ್ಲಿ ಸಾವಿಗೆ ಕಾರಣವಾಯಿತು. ಇಷ್ಟೂ ನನಗೆ ಗೊತ್ತಿತ್ತು. ಆದರೆ ಹಾಪಾ ನೋಡುವಾಗ ನಾನು ಹಕ್ಕಿಯನ್ನು ನೆನೆದೆ, ಮೀನು ಓಡಿಹೋಗುವುದನ್ನು ನೆನೆದೆ, ಮಳೆಯನ್ನು ನೆನೆಯಲಿಲ್ಲ.

ಬರದ ವರ್ಷ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಬಸಿಗಾಲುವೆಯಲ್ಲಿ ಹರಿವು ಹೆಸರಿಗಷ್ಟೇ. ಕೆಂಪು ಮರಿ ಕಾಣಲೇ ಇಲ್ಲ. ಕೊರಮೀನು ಮೊಟ್ಟೆ ಇಡಲು ಹೊಸ ನೀರು ಬೇಕು. ಮಳೆ ನೀರು ಗದ್ದೆ, ಜೊಂಡು, ಹುಲ್ಲಿನ ಮೇಲೆ ಹರಡಬೇಕು. ಆ ವರ್ಷ ಹರಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅಣ್ಣ ನನ್ನನ್ನು ಒಣಗುತ್ತಿದ್ದ ಬಸಿಗಾಲುವೆಗೆ ಕರೆದುಕೊಂಡು ಹೋದರು. ಮೇಲೆ ಬಿರುಕು ಬಿಟ್ಟ ಕೆಸರು. ಅವರು ಒಂದು ಕಡೆ ಕೂತು ಕೈಯಿಂದ ಮಣ್ಣು ಸರಿಸಿದರು. ಒಂದು ಗೇಣು ಕೆಳಗೆ ಕೆಸರು ಇನ್ನೂ ಹಸಿ. ಅದರಲ್ಲಿ ಲೋಳೆ ಮೆತ್ತಿಕೊಂಡು ಒಂದು ಕೊರಮೀನು ಮಡಚಿ ಮಲಗಿತ್ತು. ಬೆರಳು ತಾಗಿದಾಗ ಮೆಲ್ಲಗೆ ಬಾಯಿ ತೆರೆಯಿತು. ಅವರು ಮಣ್ಣನ್ನು ಹಾಗೇ ಮುಚ್ಚಿದರು. "ಇದು ಮಳಿಗಾಲದಾಗ ಬರೋ ಜೋಡಿ ಇರಬೌದಲ್ರಿ" ಅಂದರು.

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಇಲ್ಲೇ. ಅಲ್ಲಿಯವರೆಗೆ ಅವರಿಗೆ ಮರಿ ಅಂದರೆ ಕಾಲುವೆ ಪುಕ್ಕಟೆ ಕೊಡುವ ಮಾಲು. ಅವತ್ತು ಅದರ ಹಿಂದೆ ಒಂದು ಇಡೀ ವರ್ಷ ಕಾಣಿಸಿತು: ಕೆಸರಿನಲ್ಲಿ ಬೇಸಿಗೆ ಕಳೆದು, ಮಳೆಗೆ ಎದ್ದು, ಜೊತೆ ಹುಡುಕಿ, ಗೂಡು ಮಾಡಿ, ಮರಿ ಕಾದು, ಮತ್ತೆ ಕೆಸರಿಗೆ.

ಕಾರ ಹುಣ್ಣಿಮೆಯಿಂದ ಪಂಚಮಿವರೆಗೆ

2024ರ ಮೇ ಕೊನೆಯಲ್ಲಿ ಆ ಬಸಿಗಾಲುವೆಯಲ್ಲಿ ಗಾಳ ಹಾಕುವ ಏಳು ಜನ ಚಹಾದ ಅಂಗಡಿಯಲ್ಲಿ ಕೂತರು. ಬರಹ ಇಲ್ಲ, ದಂಡ ಇಲ್ಲ. ಒಂದೇ ಮಾತು: ಕಾರ ಹುಣ್ಣಿಮೆಯಿಂದ ನಾಗರ ಪಂಚಮಿವರೆಗೆ ಕಪ್ಪೆ ಗಾಳ ಬೇಡ. ಮಿಕ್ಕ ಮೀನು ಹಿಡಿಯಲು ಅಡ್ಡಿಯಿಲ್ಲ. ತಾರೀಖು ಹೇಳಿದರೆ ಮರೆಯುತ್ತಾರೆ, ಹಬ್ಬ ಹೇಳಿದರೆ ಮರೆಯುವುದಿಲ್ಲ ಅಂತ ಇದನ್ನು ಸೂಚಿಸಿದ್ದು ಅಣ್ಣತಮ್ಮಂದಿರ ಅವ್ವ. ಲೆಕ್ಕ ಹಾಕಿದರೆ ಸುಮಾರು 50 ದಿನ. ಮೊಟ್ಟೆಯಿಂದ ಮರಿ ಚದುರುವವರೆಗೆ ಅಷ್ಟು ಸಾಕು.

ಜೂನ್ ಕೊನೆಗೆ ಅಣ್ಣ ಗೂಡು ಕಂಡರು. ಜೊಂಡಿನ ನಡುವೆ ಊಟದ ತಟ್ಟೆಯಗಲ ಜಾಗ ಬೋಳಾಗಿತ್ತು. ಜೋಡಿ ಬಾಯಿಂದಲೇ ಹುಲ್ಲು ಕತ್ತರಿಸಿ ಸುತ್ತ ಸರಿಸಿತ್ತು. ನಡುವೆ ನೀರಿನ ಮೇಲೆ ಜೇನಿನ ಬಣ್ಣದ ಪೊರೆ. ಅದೇ ಮೊಟ್ಟೆ. ಸಾಸಿವೆ ಕಾಳಿನಷ್ಟು, ಒಂದಕ್ಕೊಂದು ತಾಗಿಕೊಂಡು ತೇಲುತ್ತಿದ್ದವು. ಪ್ರತಿ ಮೊಟ್ಟೆಯೊಳಗೆ ಎಣ್ಣೆಯ ಹನಿ ಇರುತ್ತದೆ, ಅದರಿಂದಲೇ ಮುಳುಗುವುದಿಲ್ಲ. ಅವರು ಕೈಲಿದ್ದ ಕಡ್ಡಿಯನ್ನು ಪೊರೆಯ ಅಂಚಿಗೆ ತಂದರು. ಕೆಳಗಿಂದ ಟಪ್ಪಂತ ಬಂದ ಹೊಡೆತಕ್ಕೆ ಕಡ್ಡಿ ಕೈಬಿಟ್ಟು ಹಾರಿತು.

ಒಂದೂವರೆ ದಿನದಲ್ಲಿ ಮರಿ ಹೊರಬಂತು. ಮೂರು ನಾಲ್ಕು ದಿನ ಕಪ್ಪು ಗೀರಿನ ಹಾಗೆ ಮೇಲೆ ತೇಲಿಕೊಂಡಿದ್ದವು. ಆಮೇಲೆ ಹಿಂಡಾದವು, ದಿನ ಕಳೆದಂತೆ ಮೈ ಕೆಂಪಾಯಿತು. ಅಣ್ಣ ಅಡಿಗೆ ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕೆ ಇಡತೊಡಗಿದರು. ಹಿಂಡು ಎಲ್ಲಿ ಹೋದರೂ ಕೆಳಗೆ ಒಂದು ನೆರಳು. ಒಮ್ಮೊಮ್ಮೆ ಎರಡು. ನೀರುಕಾಗೆ ಇಳಿದರೆ ನೀರು ಸಿಡಿಯುತ್ತಿತ್ತು.

ಮಾತು ಮುರಿದವನೂ ಒಬ್ಬನಿದ್ದ. ಸ್ವಲ್ಪ ಮೇಲೆ ಇನ್ನೊಂದು ಹಿಂಡಿತ್ತು. ಅದು ಕೆಂಪಾದ ಕೆಲವೇ ದಿನಕ್ಕೆ ಒಬ್ಬ ಹುಡುಗ ಕಾವಲಿನ ಮೀನನ್ನು ಹಿಡಿದು ಮಾರಿದ. ನಾಲ್ಕನೇ ದಿನ ನೋಡಿದರೆ ಅಲ್ಲಿ ಒಂದು ಮರಿಯೂ ಇಲ್ಲ. ತಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಅಣ್ಣ ಬೇರೆ ದಾರಿ ಹಿಡಿದರು. ಹುಡುಗನನ್ನು ಕರೆದು ಖಾಲಿ ಜಾಗ ತೋರಿಸಿದರು, ಆಮೇಲೆ ಕೆಳಗಿನ ಹಿಂಡು ತೋರಿಸಿದರು. "ಇದನ್ನ ನೀನ ಕಾಯಿ, ಮರಿಯಾಗ ನಿನಗೂ ಪಾಲು" ಅಂದರು. ಈ ಪ್ರಕರಣದಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಗದರಿಸಿ ಕಳಿಸಿದ್ದರೆ ಅವನು ರಾತ್ರಿ ಬಂದು ಹಿಡಿಯುತ್ತಿದ್ದ.

ಆಗಸ್ಟ್ 9, ನಾಗರ ಪಂಚಮಿ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮಧ್ಯಾಹ್ನ ಉಂಡೆ ತಿಂದು ಎಲ್ಲರೂ ಕಾಲುವೆಗೆ ಹೋದೆವು. ಮರಿಗಳ ಕೆಂಪು ಹೋಗಿತ್ತು, ಪಾಚಿ ಬಣ್ಣ ಬಂದಿತ್ತು. ಒಂದು ದೊಡ್ಡ ಹಿಂಡಿನ ಬದಲು ನಾಲ್ಕೈದರ ಗುಂಪುಗಳು. ಕೆಳಗೆ ನೆರಳಿರಲಿಲ್ಲ. ಕಾವಲು ಮುಗಿದಿತ್ತು. ಸೀರೆ ಹಿಡಿದು 200 ಮರಿ ಮಾತ್ರ ತೆಗೆದರು. ತಮ್ಮನಿಗೆ ಇನ್ನಷ್ಟು ಬೇಕಿತ್ತು. "ಸಾಕು, ಹೊಳಿಗೂ ಇರ್ಲಿ" ಅಂದರು ಅಣ್ಣ.

ಮರುದಿನ ರಾತ್ರಿ, ಆಗಸ್ಟ್ 10ರಂದು, ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ನಮ್ಮ ಕಡೆಯವರು ಆ ವಾರವನ್ನು ಮರೆಯುವುದಿಲ್ಲ. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಒಂದು ಕಡೆ, ಹೊಳೆ ಏರುತ್ತಿದೆ ಎಂಬ ಭಯ ಇನ್ನೊಂದು ಕಡೆ. ಹೊಳೆ ನೀರು ಹಳ್ಳದ ಬಾಯಲ್ಲಿ ಹಿಂದಕ್ಕೆ ಒತ್ತಿ ಬಸಿಗಾಲುವೆ ತುಂಬಿತು. ಗುಂಡಿಗೂ ನುಗ್ಗಿತು.

ಈ ಸಲ ಹಾಪಾ ಬೇರೆ ಥರ ಇತ್ತು. ಗೂಟಕ್ಕೆ ಕಟ್ಟಿರಲಿಲ್ಲ. ಬಿದಿರಿನ ಚೌಕಟ್ಟಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಬಿಗಿದು ತೇಲಿಬಿಟ್ಟಿದ್ದರು, ಗೂಟಕ್ಕೆ ಉದ್ದ ಹಗ್ಗದ ಬಳೆ ಮಾತ್ರ. ಮೇಲ್ಮುಚ್ಚಳವನ್ನು ಕಮಾನಿನ ಹಾಗೆ ಅರ್ಧ ಮೊಳ ಎತ್ತರಕ್ಕೆ ಎತ್ತಿ ಕಟ್ಟಿದ್ದರು. ನೀರು ಏರಿದಷ್ಟೂ ಹಾಪಾ ಏರಿತು. ಬೆಳಿಗ್ಗೆ ನಾನು ಹೋದಾಗ ಅಣ್ಣ ದಂಡೆಯಲ್ಲಿ ಕೂತಿದ್ದರು, ರಾತ್ರಿಯೆಲ್ಲ ಅಲ್ಲೇ ಇದ್ದರಂತೆ. ಕಮಾನಿನ ಕೆಳಗೆ ಗುಳುಕ್, ಗುಳುಕ್ ಅಂತ ಸದ್ದು ಬರುತ್ತಿತ್ತು. ಒಂದು ಮರಿಯೂ ಸತ್ತಿರಲಿಲ್ಲ.

ಬಂದ ಫಲ

ಆಮೇಲಿನದು ಅಷ್ಟು ಸಲೀಸಾಗಿ ನಡೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಾಪಾ ತೆಗೆದು ಗುಂಡಿಗೇ ಬಿಟ್ಟ ಮೇಲೆ ಒಂದು ಮಳೆ ರಾತ್ರಿ ಹಲವು ಮೀನು ದಂಡೆ ಹತ್ತಿ ಹೋದವು, ಹುಲ್ಲಿನಲ್ಲಿ ಲೋಳೆಯ ಗೆರೆ ಕಾಣಿಸಿತು. ಅವತ್ತೇ ಸುತ್ತ ಎರಡು ಮೊಳ ಎತ್ತರದ ಬಲೆ ನಿಲ್ಲಿಸಿದರು. ಡಿಸೆಂಬರ್ ಚಳಿಯಲ್ಲಿ ಕೆಲವು ಮೀನಿನ ಮೈ ಮೇಲೆ ಕೆಂಪು ಹುಣ್ಣು. 1988ರಿಂದ ನಮ್ಮ ದೇಶದಲ್ಲಿ ಕಾಡುತ್ತಿರುವ ಹುಣ್ಣಿನ ರೋಗ ಕೊರಮೀನಿಗೆ ಬೇಗ ತಗಲುತ್ತದೆ, ಅದೂ ಚಳಿಗಾಲದಲ್ಲಿ. ಹುಣ್ಣಿದ್ದವನ್ನು ಬೇರೆ ಮಾಡಿ ಗುಂಡಿಗೆ ಅಳತೆ ನೋಡಿ ಸುಣ್ಣ ಹಾಕಿದೆವು. ಹೊಸ ನೀರು ಬರುವುದನ್ನು ಕೆಲವು ದಿನ ತಡೆದೆವು. ಕೆಲವು ಹೋದವು, ಹೆಚ್ಚಿನವು ಉಳಿದವು. ನಡುವೆ ಒಬ್ಬ ವ್ಯಾಪಾರಿ ಬಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದುಕೊಡುತ್ತೇನೆ, ಇದಕ್ಕಿಂತ ಬೇಗ ಬೆಳೆಯುತ್ತದೆ ಅಂದ. ಅದು ನಮ್ಮಲ್ಲಿ ನಿಷೇಧವಾದ ಮೀನು, ಹೊಳೆಗೆ ತಪ್ಪಿಸಿಕೊಂಡರೆ ಊರಿನ ಮೀನಿಗೆಲ್ಲ ಕಂಟಕ. ಅಣ್ಣತಮ್ಮ ಇಬ್ಬರೂ ಒಂದೇ ಮಾತಿನಲ್ಲಿ ಬೇಡ ಅಂದರು.

2025ರ ಮೇ ತಿಂಗಳಲ್ಲಿ ಗುಂಡಿ ಬತ್ತಿಸಿದಾಗ ಸಿಕ್ಕದ್ದು 118 ಮೀನು. ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. 200ರಲ್ಲಿ 118 ದೊಡ್ಡ ಲೆಕ್ಕವಲ್ಲ, ಆದರೆ ಮೊದಲ ವರ್ಷದ 600ರಲ್ಲಿ ಉಳಿದದ್ದು ಹನ್ನೊಂದು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಇದೇ ಕೆಲಸಕ್ಕೆ ಕೈ ಹಾಕುವವರು ನನ್ನನ್ನು ಮೊದಲು ಕೇಳುವುದು ಮೇವಿನ ಬಗ್ಗೆ. ನಾನು ಮೊದಲು ಹೇಳುವುದು ಉಸಿರಿನ ಬಗ್ಗೆ. ಬಲೆ, ಮುಚ್ಚಳ, ಗಿಡ ಏನೇ ಇರಲಿ, ನೀರು ಏರಿದ ದಿನವೂ ಮೀನಿಗೆ ಗಾಳಿ ಸಿಗುತ್ತದೆಯೇ ನೋಡಿ. ಎರಡನೆಯದು, ಕೆಂಪು ಮರಿ ಕಂಡ ದಿನ ತೆಗೆಯಬೇಡಿ, ಕೆಂಪು ಹೋದ ದಿನ ತೆಗೆಯಿರಿ. ಆ ತಿಂಗಳು, ಒಂದೂವರೆ ತಿಂಗಳು ಅವುಗಳನ್ನು ಕಾಯುವ ಕೂಲಿ ಆ ಎರಡು ಮೀನಿನದು, ನಮ್ಮದಲ್ಲ. ನಾವು ತೊಟ್ಟಿಯಲ್ಲಿ ದಿನಕ್ಕೆ ನಾಲ್ಕು ಸಲ ಸೋಸಿ ಹಾಕಿಯೂ ಮಾಡಲಾಗದ್ದನ್ನು ಅವು ಜೊಂಡಿನ ನಡುವೆ ಮಾಡುತ್ತವೆ. ಮರಿ ತೀರಾ ಹೆಚ್ಚು ಬೇಕಾದವರು ಕಾಲುವೆ ಬರಿದು ಮಾಡುವ ಬದಲು ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವ ಕಡೆಯಿಂದ ತರಲಿ. ಭುವನೇಶ್ವರದ ಕೇಂದ್ರ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಆ ವಿಧಾನವನ್ನು ಬೆಳೆಸಿದೆ.

ಮೀನು ಮಾರುವ ದಿನ ಅಣ್ಣ ಒಂದು ಜೋಡಿ ತೆಗೆದಿಡಿ ಅಂದರು. ಯಾವುದು ಗಂಡು, ಯಾವುದು ಹೆಣ್ಣು ಅಂತ ಕೇಳಿದರು. ಮೊಟ್ಟೆ ಕಾಲ ಬರುವ ಮೊದಲು ಹೊರಗಿಂದ ನೋಡಿ ಹೇಳುವುದು ಕಷ್ಟ ಅಂದೆ. "ಹಂಗಾರ ಹತ್ತು ಇಡ್ರಿ, ಜೋಡಿ ಅವ ಹುಡುಕ್ಕೊಂತಾವು" ಅಂದರು.

ಕಾರ ಹುಣ್ಣಿಮೆಗೆ ಎರಡು ದಿನ ಮುಂಚೆ ತಮ್ಮ ಬಕೆಟ್ ಹಿಡಿದು ಮುಂದೆ ನಡೆದ. ನಾಲ್ಕು ಬೆರಳು ನೀರು, ಹತ್ತು ಮೀನು. ಕಾವಲು ಕಾದ ಹುಡುಗನೂ ಜೊತೆಗಿದ್ದ. ಬಸಿಗಾಲುವೆಯಲ್ಲಿ ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಜೊಂಡಿನ ಹತ್ತಿರ ಬಕೆಟ್ ಬಗ್ಗಿಸಿದ. ಮೀನು ಕೆಸರು ನೀರಿನಲ್ಲಿ ಕಾಣೆಯಾದವು. ಯಾರೂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಆಚೆ ದಂಡೆಯ ಹತ್ತಿರ ಒಂದು ಗುಳುಕ್. ಆಮೇಲೆ ಈಚೆ ಇನ್ನೊಂದು. ಹುಡುಗ ಬೆರಳು ಮಡಚಿ ಎಣಿಸತೊಡಗಿದ.